ಮುನ್ನೂರ ಅರವತ್ತೈದು ‘ಭಯಪಡಬೇಡ’

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದಕ್ಕೆ ಹಾಕುತ್ತ ಬಂದೆ. ಮೊದಲು ಕೆಲಸದ ನೆಪವಿತ್ತು, ಆಮೇಲೆ ಕಣ್ಣಿನ ನೆಪ. ಕಣ್ಣಿಗೆ ಆಪರೇಷನ್ ಆಗಿ ಕನ್ನಡಕ ಬಂದ ಮೇಲೆ ಹೊಸ ನೆಪ ಹುಡುಕುವುದಕ್ಕೂ ದಣಿವಾಯಿತು. ದಣಿವಾಯಿತೆಂದೇ ಬರೆಯಲು ಕೂತಿದ್ದೇನೆ. ಧೈರ್ಯ ಬಂದು ಕೂತದ್ದಲ್ಲ.

ನಾನು ಓದಿದ್ದು ಮೆಟ್ರಿಕ್‌ವರೆಗೆ. ಕಲಬುರಗಿಯ ಸ್ಟೇಶನ್ ಬಜಾರದ ಒಂದು ಅಚ್ಚುಕೂಟದಲ್ಲಿ ಇಪ್ಪತ್ತೆಂಟು ವರ್ಷ ಮೊಳೆ ಜೋಡಿಸಿದೆ. ಮದುವೆ ಪತ್ರಿಕೆ, ಅಂಗಡಿಯ ರಸೀದಿ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ. ಸೀಸದ ಅಕ್ಷರಗಳನ್ನು ಖಾನೆಯಿಂದ ಆರಿಸಿ ಸಾಲಾಗಿ ನಿಲ್ಲಿಸುವುದು, ಅಚ್ಚಾದ ಮೇಲೆ ಬಿಚ್ಚಿ ಮತ್ತೆ ಅದೇ ಖಾನೆಗೆ ಹಾಕುವುದು. ಭಾನುವಾರ ಮಾತ್ರ ನಾನು ಬೇರೆ ಮನುಷ್ಯ. ನಮ್ಮ ಕ್ರೈಸ್ತ ಸಭೆಯ ಹಿರಿಯರ ಕಮಿಟಿಗೆ ಕಾರ್ಯದರ್ಶಿಯಾಗಿದ್ದೆ. ಅಲ್ಲಿ ಎದ್ದು ನಿಂತರೆ ಜನ ಕೇಳುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಹೊರಗಿನ ಪ್ರಸಂಗಿಯೊಬ್ಬರು ಬಂದಿದ್ದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಮ್ಮ ಪಾದ್ರಿ ಸಾಹೇಬರು ಕನ್ನಡಕ್ಕೆ ಮಾಡುತ್ತಿದ್ದರು. ‘ಭಯಪಡಬೇಡ’ ಎಂಬ ಮಾತು ಬೈಬಲಿನಲ್ಲಿ ಸರಿಯಾಗಿ ಮುನ್ನೂರ ಅರವತ್ತೈದು ಸಲ ಬರುತ್ತದೆ, ದೇವರು ವರ್ಷದ ಒಂದೊಂದು ದಿನಕ್ಕೆ ಒಂದೊಂದನ್ನು ಇಟ್ಟಿದ್ದಾನೆ ಎಂದರು. ಪೆಂಡಾಲಿನಲ್ಲಿ ಕೂತವರೆಲ್ಲ ‘ಆಹಾ’ ಅಂದರು. ನಾನೂ ಅಂದೆ.

ಮರುವಾರ ಕೋಟನೂರಿನಲ್ಲಿ ಕಾಯಿಲೆ ಬಿದ್ದ ಮುದುಕಿಯೊಬ್ಬಳಿಗೆ ಪ್ರಾರ್ಥನೆ ಮಾಡಲು ಹೋದಾಗ ಆ ಲೆಕ್ಕವನ್ನು ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡು ಅತ್ತಳು. ಮನುಷ್ಯರು ನನ್ನ ಮಾತಿಗೆ ಹಾಗೆ ಅತ್ತದ್ದು ಅದೇ ಮೊದಲು. ಆಮೇಲೆ ಎಲ್ಲಿ ಹೋದರೂ ಅದನ್ನೇ ಹೇಳತೊಡಗಿದೆ. ಸಾವಿನ ಮನೆಯಲ್ಲಿ, ತೊಟ್ಟಿಲ ಮನೆಯಲ್ಲಿ, ಪರೀಕ್ಷೆಗೆ ಹೋಗುವ ಮಕ್ಕಳಿಗೆ. ಜನ ನನ್ನನ್ನು ‘ಮುನ್ನೂರ ಅರವತ್ತೈದರ ಅಣ್ಣಾರು’ ಎಂದು ಕರೆಯಲು ಶುರು ಮಾಡಿದರು. ನನಗೆ ಅದು ಹಿತವಾಗಿತ್ತು. ಒಮ್ಮೆಯೂ ಎಣಿಸಿ ನೋಡಲಿಲ್ಲ. ದಿನವಿಡೀ ಅಕ್ಷರ ಎಣಿಸುವವನಿಗೆ ಅಲ್ಲಿ ಮಾತ್ರ ಎಣಿಸಬೇಕೆಂದು ತೋಚಲಿಲ್ಲ.

ಎರಡು ವರ್ಷದ ಮೇಲೆ ನನಗೆ ಒಂದು ಯೋಚನೆ ಬಂತು. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ಸಭೆಯ ವತಿಯಿಂದ ಅಚ್ಚು ಹಾಕಿಸುವುದು, ಪ್ರತಿ ಹಾಳೆಯ ಮೇಲೆ ಒಂದು ‘ಭಯಪಡಬೇಡ’, ಅದರ ಕೆಳಗೆ ಅದು ಬರುವ ವಾಕ್ಯ. ಕಮಿಟಿಯಲ್ಲಿ ಹೇಳಿದಾಗ ಎಲ್ಲರೂ ಒಪ್ಪಿದರು. ರೈಲ್ವೆಯಿಂದ ರಿಟೈರಾದ ಹಿರಿಯರೊಬ್ಬರು ಮಾತ್ರ ಕೈ ಎತ್ತಿ ಕೇಳಿದರು:

“ಎಲ್ಲಾ ಖರೆ ಅಣ್ಣಾರ. ಫೆಬ್ರವರಿ ಇಪ್ಪತ್ತೊಂಬತ್ತು ಬಂದ್ರ ಏನ್ ಮಾಡೂದ್ರಿ? ಅವತ್ತೊಂದಿನ ಅಂಜಬೇಕೇನ್ರಿ?”

ಎಲ್ಲರೂ ನಕ್ಕರು. ಪಾದ್ರಿ ಸಾಹೇಬರು, “ಅವತ್ತ ನಿಮ್ಮ ಮನಿಯವರಿಗೆ ಅಂಜ್ರಿ, ಸಾಕು” ಅಂದರು. ಠರಾವು ಆಯಿತು. ಅರವತ್ತು ಮನೆಯವರು ಹೆಸರು ಬರೆಸಿದರು.

ನಾನು ಮಾಡಿದ ಮೊದಲ ಕೆಲಸ ಮೇಲಿನ ರಟ್ಟಿನ ಬರಹವನ್ನು ಜೋಡಿಸಿದ್ದು. ‘ವರುಷದ ಮುನ್ನೂರ ಅರವತ್ತೈದು ದಿನಕ್ಕೆ ಮುನ್ನೂರ ಅರವತ್ತೈದು ಅಭಯ.’ ಅದನ್ನು ಅಚ್ಚು ಹಾಕಿಸಿಯೂ ಬಿಟ್ಟೆ. ವಾಕ್ಯಗಳು ಇನ್ನೂ ಒಂದೂ ಕೈಗೆ ಬಂದಿರಲಿಲ್ಲ. ವಾಕ್ಯ ಹುಡುಕುವ ಕೆಲಸವನ್ನು ನಮ್ಮ ಅಕ್ಕನಿಗೆ ಒಪ್ಪಿಸಿದೆ.

ಅಕ್ಕ ಕಮಲಾಪುರದಲ್ಲಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಐದನೆಯ ಇಯತ್ತೆಗೆ ಶಾಲೆ ಬಿಟ್ಟು ನನ್ನನ್ನು ಸಾಕಿದಳು. ಮದುವೆಯಾಗಲಿಲ್ಲ. ನನ್ನ ಮೆಟ್ರಿಕ್ ಮುಗಿದ ಮೇಲೆ ಸಭೆಯವರು ಅವಳನ್ನು ಮನೆಮನೆಗೆ ಹೋಗಿ ವಾಕ್ಯ ಓದಿ ಹೇಳುವ ಕೆಲಸಕ್ಕೆ ಕಮಲಾಪುರಕ್ಕೆ ಕಳಿಸಿದರು. ಊರವರು ‘ಬೈಬಲ್ ಬಾಯಿ’ ಎನ್ನುತ್ತಿದ್ದರು. ಓದು ಬರದ ಹೆಂಗಸರು ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತರೆ ಇವಳು ಪಕ್ಕದಲ್ಲಿ ಕೂತು ಓದುವಳು. ನಮ್ಮ ಸಭೆಯವರು ಮಾತ್ರವಲ್ಲ, ಲಿಂಗಾಯತರ ಮನೆಯ ಸೊಸೆಯಂದಿರೂ ಕೇಳುತ್ತಿದ್ದರು. “ಬಾಯಿ, ಆ ಕುರಿ ಕಳಕೊಂಡಾಂವನ ಕತಿ ಓದವ್ವ” ಎಂದು ಹೇಳಿ ಓದಿಸಿಕೊಳ್ಳುತ್ತಿದ್ದರು. ಅವಳಿಗೆ ಬೇರೆ ಏನೂ ಇರಲಿಲ್ಲ. ಆ ಓದೇ ಅವಳ ಸಂಸಾರ.

ಪಕ್ಕದ ಮನೆಯಲ್ಲಿ ಒಬ್ಬ ವೈಷ್ಣವ ಅಜ್ಜಿ ಇದ್ದರು. ಅರ್ಧ ಮರಾಠಿ, ಅರ್ಧ ಕನ್ನಡ. ದಿನವೂ ವಹಿಯಲ್ಲಿ ರಾಮನಾಮ ಬರೆಯುವವರು. ನೂರಾಯಿತೆಂದರೆ ಒಂದು ಹುಣಸೆ ಬೀಜವನ್ನು ಡಬ್ಬಿಗೆ ಹಾಕುವರು. ಅಕ್ಕ ‘ಭಯಪಡಬೇಡ’ ಎಣಿಸಲು ಕೂತಾಗ ಆ ಅಜ್ಜಿಯೇ ಲೆಕ್ಕಕ್ಕೆ ಜೊತೆಯಾದರು. ಇವಳು ಬೆರಳಿಟ್ಟು ಓದುವುದು, ಸಿಕ್ಕಾಗ “ಹಾಂ” ಎನ್ನುವುದು, ಅಜ್ಜಿ ಒಂದು ಬೀಜ ಹಾಕುವುದು. ಇವಳು ಶಾಲೆಯ ನೋಟ್‌ಬುಕ್ಕಿನಲ್ಲಿ ಪುಸ್ತಕದ ಹೆಸರು, ಅಧ್ಯಾಯ, ವಚನ ಬರೆದುಕೊಳ್ಳುವುದು. ಸಂಜೆ ಬೀಜವನ್ನೂ ಬರಹವನ್ನೂ ತಾಳೆ ನೋಡುವುದು.

ಅಜ್ಜಿ ಅಂದಿದ್ದರಂತೆ: “ಅಗ ಬಾಯಿ, ನಿಮ್ಮ ದೇವ್ರು ಇಷ್ಟ ಸಲ ಅಂಜಬ್ಯಾಡ ಅಂತಾನಲ್ಲ, ನಿಮ್ಮ ಮಂದಿ ಭಾಳ ಅಂಜುಬುರಕರ ಇರಬೇಕು ನೋಡು.”

ಮೂರು ತಿಂಗಳಾದ ಮೇಲೆ ಅಕ್ಕ ಹುಮನಾಬಾದಿನಿಂದ ಬರುವ ಬಸ್ಸಿಗೆ ಬಂದು ಅಚ್ಚುಕೂಟದ ಬಾಗಿಲಲ್ಲಿ ನಿಂತಳು. ಕೈಚೀಲದಲ್ಲಿ ಆ ನೋಟ್‌ಬುಕ್ಕು, ನನಗೆಂದು ತಂದ ನಾಲ್ಕು ಕೆಂಪು ಬಾಳೆಹಣ್ಣು. ನಾನು ಆಗಲೇ ‘ಭಯಪಡಬೇಡ’ ಎಂಬುದನ್ನು ದಪ್ಪ ಮೊಳೆಯಲ್ಲಿ ಜೋಡಿಸಿ, ಸುತ್ತ ದಾರ ಕಟ್ಟಿ, ಬಿಚ್ಚದೆ ಇಟ್ಟುಕೊಂಡಿದ್ದೆ. ಪ್ರತಿ ಹಾಳೆಗೂ ಅದೇ ಬೇಕಲ್ಲ.

“ಎಷ್ಟಾದವು?” ಎಂದು ಕೇಳಿದೆ.

ಅವಳು ಹೇಳಿದ ಸಂಖ್ಯೆ ಮುನ್ನೂರ ಅರವತ್ತೈದರ ಅರ್ಧವೂ ಆಗಿರಲಿಲ್ಲ.

“ಹಳೇ ಒಡಂಬಡಿಕಿ ಅಷ್ಟ ಓದೀಯೇನು?”

“ಆದಿಕಾಂಡದಿಂದ ಕಡೀ ಪುಸ್ತಕ ಪ್ರಕಟನಿ ತನಕ ಓದೀನಿ ತಮ್ಮಾ. ಹೆದರಬೇಡ ಅಂಬೂದೂ ಹಿಡದೀನಿ, ಅಂಜಬೇಡ ಅಂಬೂದೂ ಹಿಡದೀನಿ.”

“ಎಲ್ಲೋ ಬಿಟ್ಟಿರಬೇಕು. ಇನ್ನೊಮ್ಮೆ ಓದು.”

ಅವಳು ಇನ್ನೊಮ್ಮೆ ಓದಿದಳು. ಮಳೆಗಾಲ ಮುಗಿಯುತ್ತಾ ಬಂದಾಗ ಮತ್ತೆ ಬಂದಳು. ನಾಲ್ಕು ಹೆಚ್ಚಾಗಿದ್ದವು. ನಾನು ಗೇಲಿ ಮಾಡಿದೆ. “ಹಿಂಗ ನಾಲ್ಕ ನಾಲ್ಕ ಸಿಕ್ರ ಇನ್ನ ಐವತ್ತ ಸಲ ಓದಬೇಕಾಗ್ತದ ನೋಡು” ಅಂದೆ. ಅವಳು ನಗಲಿಲ್ಲ. ಮೂರನೆಯ ಸಲವೂ ಓದಿದಳು. ಮೂರನೆಯ ಸಲ ಒಂದೂ ಹೆಚ್ಚಾಗಲಿಲ್ಲ.

“ಇದ್ದಷ್ಟ ಅದಾವಪ್ಪ. ಇಲ್ಲದ್ದ ನಾ ಎಲ್ಲಿಂದ ತರ್ಲಿ?”

“ಲೋಕಾನೇ ಹೇಳ್ತದ, ನೀ ಒಬ್ಬಾಕಿ ಇಲ್ಲಂತಿ. ‘ಧೈರ್ಯವಾಗಿರು’ ಅಂತ ಬರ್ತದಲ್ಲ, ಅವನ್ನೂ ಸೇರಸು. ‘ಚಿಂತಿ ಮಾಡಬೇಡ’ ಅಂಬೂದು ಸೇರಸು.”

“ಅವು ಬ್ಯಾರೆ ಮಾತು. ಅಂಥಾವು ಸೇರಸೂದಾದ್ರ, ‘ದೇವರಿಗೆ ಭಯಪಡು’ ಅಂತ ಬರ್ತಾವಲ್ಲ, ಅವನ್ನ ಎಲ್ಲಿ ಹಾಕಲಿ? ಅಂಜು ಅಂದದ್ದೂ ಭಾಳ ಅದಾವ ತಮ್ಮಾ. ನಾ ಓದೂವಾಗ ಅವೂ ಕಣ್ಣಿಗೆ ಬಿದ್ವು.”

“ಅವನ್ನ ಎಣಸು ಅಂತ ನಿನಗ ಯಾರು ಹೇಳ್ಯಾರ?”

ನನ್ನ ದನಿ ಏರಿತ್ತು. ಮೆಷಿನ್ ಓಡಿಸುವವನು ತಿರುಗಿ ನೋಡಿದ. ಅಕ್ಕ ಸೆರಗು ಸರಿ ಮಾಡಿಕೊಂಡು, ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಚಹ ಕುಡಿದು ಹೋಗು ಎಂದೂ ನಾನು ಹೇಳಲಿಲ್ಲ.

ನಿಜ ಹೇಳುತ್ತೇನೆ. ಅವಳ ಲೆಕ್ಕ ಸರಿ ಎಂದು ನನಗೆ ಅವತ್ತೇ ಗೊತ್ತಾಯಿತು. ಅವಳು ತಪ್ಪು ಎಣಿಸುವವಳಲ್ಲ. ಆದರೆ ಅವಳದು ಸರಿಯೆಂದರೆ ಕೋಟನೂರಿನ ಮುದುಕಿಗೆ ನಾನು ಹೇಳಿದ್ದು ಸುಳ್ಳಾಗುತ್ತಿತ್ತು. ಎಷ್ಟೋ ಸಾವಿನ ಮನೆಗಳಲ್ಲಿ ಹೇಳಿದ್ದು ಸುಳ್ಳಾಗುತ್ತಿತ್ತು. ಅಚ್ಚಾದ ರಟ್ಟುಗಳು ಮೂಲೆಯಲ್ಲಿ ಕಟ್ಟುಕಟ್ಟಾಗಿ ಕೂತಿದ್ದವು. ಇಷ್ಟು ಜನರ ಮುಂದೆ ನಾನು ಸುಳ್ಳಾಗುವುದಕ್ಕಿಂತ ಅವಳೊಬ್ಬಳು ತಪ್ಪಾಗುವುದು ಸುಲಭ ಅನ್ನಿಸಿತು. ಅನ್ನಿಸಿತು ಎಂದರೆ ಕೂತು ಯೋಚಿಸಿದೆ ಎಂದಲ್ಲ. ನೀರು ಇಳಿಜಾರಿಗೆ ಹೋದ ಹಾಗೆ ಮನಸ್ಸು ಹೋಯಿತು.

ಕ್ರಿಸ್ಮಸ್ಸಿಗೆ ಮೂರು ವಾರವಿದ್ದಾಗ ಆರಾಧನೆ ಮುಗಿದ ಮೇಲೆ ಕಮಿಟಿ ಸೇರಿತು. ಹಳ್ಳಿಗಳಲ್ಲಿ ಕೆಲಸ ಮಾಡುವವರನ್ನೂ ಕರೆದಿದ್ದರು. ಅಕ್ಕ ಹೆಂಗಸರ ಕಡೆ, ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಕ್ಯಾಲೆಂಡರ್ ಎಲ್ಲಿ ಎಂದು ಕೇಳಿದರು. ನಾನು ಎದ್ದು ನಿಂತು ಹೇಳಿದ ಮಾತು ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

“ರಟ್ಟು ತಯಾರದಾವ್ರಿ. ವಾಕ್ಯ ಹುಡುಕೂ ಕೆಲಸಾ ಕಮಲಾಪುರದ ಬಾಯಾರಿಗೆ ಕೊಟ್ಟಿದ್ವಿ. ಅವರು ಅರ್ಧಕ್ಕೇ ಬಿಟ್ಟಾರ್ರಿ.”

ಅಕ್ಕ ಎನ್ನಲಿಲ್ಲ. ಬಾಯಾರು ಅಂದೆ.

ಒಬ್ಬರು, “ಒಂಬತ್ತ ತಿಂಗಳು ಸಾಕಾಗಿಲ್ಲೇನ್ರಿ? ಕೂಸಾದ್ರೂ ಹುಟ್ತಿತ್ತು” ಅಂದರು. ಹಿಂದಿನಿಂದ ನಗೆ ಬಂತು. ಇನ್ನೊಬ್ಬರು, “ಬಾಯಾರ ಕಣ್ಣ ಕಾಣಂಗಿಲ್ಲ ಅಂತ ಕಾಣ್ತದ. ಮನಿಮನಿಗೆ ಹೋಗಿ ಏನ್ ಓದತಾರೋ ದೇವರಿಗೇ ಗೊತ್ತು” ಅಂದರು.

ಪಾದ್ರಿ ಸಾಹೇಬರು ಅವಳನ್ನೇ ಕೇಳಿದರು: “ಏನ್ರಿ ಬಾಯಾರ, ಹೌದೇನ್ರಿ?”

ಅಕ್ಕ ಎದ್ದು ನಿಂತಳು. ಚೀಲ ಕಂಕುಳಲ್ಲಿತ್ತು. ನೋಟ್‌ಬುಕ್ಕಿನ ಮೂಲೆ ಹೊರಗೆ ಕಾಣುತ್ತಿತ್ತು. ಅದನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಅರ್ಧ ತಾಸಿನಲ್ಲಿ ಎಲ್ಲವೂ ತಿಳಿಯುತ್ತಿತ್ತು. ಅವಳು ಚೀಲದ ಮೇಲೆ ಕೈ ಇಟ್ಟು ನನ್ನ ಕಡೆ ಒಮ್ಮೆ ನೋಡಿದಳು. ನಾನು ಕೈಯಲ್ಲಿದ್ದ ಠರಾವಿನ ಪುಸ್ತಕ ನೋಡುತ್ತಿದ್ದೆ.

“ತಪ್ಪಾತ್ರಿ,” ಅಂದಳು. “ನನ್ನ ಕೈಲೆ ಆಗಲಿಲ್ರಿ. ಎಲ್ಲಾರೂ ಮಾಫ್ ಮಾಡ್ರಿ.”

ಅವತ್ತೇ ಠರಾವಾಯಿತು. ಕಮಲಾಪುರದಲ್ಲಿ ವಾಕ್ಯ ಓದುವ ಕೆಲಸಕ್ಕೆ ತರಬೇತಿ ಆದವರೊಬ್ಬರನ್ನು ಕಳಿಸುವುದು. ಬಾಯಿಯವರು ಅಲ್ಲಿನ ಪ್ರಾರ್ಥನೆಯ ಗುಡಿಯ ಕಸ ಹೊಡೆಯುವುದು, ಚಾಪೆ ಹಾಸುವುದು, ಗಂಟೆ ಬಾರಿಸುವುದು ನೋಡಿಕೊಳ್ಳುವುದು. ಅದನ್ನು ಪುಸ್ತಕದಲ್ಲಿ ಬರೆದವನು ಕಾರ್ಯದರ್ಶಿ. ನನ್ನ ಕೈಬರಹ ಚೆಂದವೆಂದು ಎಲ್ಲರೂ ಹೇಳುತ್ತಿದ್ದರು.

ಹೋಗುವಾಗ ಅವಳು ಅಚ್ಚುಕೂಟಕ್ಕೆ ಬರಲಿಲ್ಲ. ಮರುದಿನ ನೋಡಿದರೆ ನೋಟ್‌ಬುಕ್ಕು ನಮ್ಮ ಮನೆಯಲ್ಲಿ ನನ್ನ ಹೆಂಡತಿಯ ಕೈಯಲ್ಲಿತ್ತು. “ಬಸ್ಸಿಗೆ ಹೋಗೂವಾಗ ಅಕ್ಕಾರು ಕೊಟ್ಟು ಹೋದ್ರು. ನಿಮಗ ಬೇಕಾಗ್ತದಂತ” ಅಂದಳು. ಅದನ್ನು ಟ್ರಂಕಿನ ತಳಕ್ಕೆ ಹಾಕಿದೆ. ಕ್ಯಾಲೆಂಡರ್ ಮಾತು ಹಾಗೇ ಮುಚ್ಚಿಹೋಯಿತು. ಕಟ್ಟಿಟ್ಟ ಮೊಳೆಗಳ ದಾರ ಬಿಚ್ಚಿ ಅಕ್ಷರಗಳನ್ನು ಖಾನೆಗೆ ಹಾಕಿದೆ. ಆದರೆ ಮುನ್ನೂರ ಅರವತ್ತೈದು ಎಂದು ಹೇಳುವುದನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರು.

ಎರಡು ವರ್ಷದ ಮೇಲೆ ಒಂದು ದೀಕ್ಷಾಸ್ನಾನಕ್ಕೆಂದು ಕಮಲಾಪುರಕ್ಕೆ ಹೋದೆ. ಅಕ್ಕ ಗುಡಿಯ ಹೊರಗೆ ಕಸ ಗುಡಿಸುತ್ತಿದ್ದಳು. ಪಕ್ಕದ ಮನೆಯ ಅಜ್ಜಿ ನನ್ನನ್ನು ದಾರಿಯಲ್ಲೇ ಹಿಡಿದರು.

“ಏನೋ, ನೀ ಅಕಿ ತಮ್ಮ ಅಲ್ಲೇನು? ಅಕಿ ಕಣ್ಣಿಗೆ ಏನಾಗ್ಯದೋ?”

“ಯಾಕ್ರಿ ಅಜ್ಜಿ?”

“ಕಟ್ಟಿಮ್ಯಾಲಿನ ಹೆಂಗಸರು ಓದವ್ವ ಅಂದ್ರ ಕಣ್ಣ ಸರಿ ಇಲ್ಲವ್ವ ಅಂತಾಳ. ನನ್ನ ಎದುರಿಗೆ ಸೂಜಿಗೆ ದಾರಾ ಒಂದ ಸಲಕ್ಕ ಹಾಕ್ತಾಳ. ದಿನಾ ಕೂತು ಕೌದಿ ಹೊಲಿತಾಳ. ಯಾವ ಸೀಮಿ ಕಣ್ಣಿನ ಬ್ಯಾನಿ ಇದು, ಪುಸ್ತಕಾ ಕಂಡ್ರ ಅಷ್ಟ ಬರೂದು?”

ನಾನು ದಾಟಿ ಹೋಗಲು ನೋಡಿದೆ. ಅಜ್ಜಿ ಬಿಡಲಿಲ್ಲ. “ಬೀಜಾ ಹಾಕ್ದಾಕಿ ನಾನೋ. ಮೂರ ಸಲ ಹಾಕೀನಿ. ಲೆಕ್ಕಾ ಬೇಕಾದ್ರ ನನ್ನ ಕೇಳಾಕ ಹೇಳು ನಿಮ್ಮ ಮಂದೀಗೆ.”

ಯಾರಿಗೆ ಹೇಳಲಿ? ಕೇಳಬೇಕಾದ ಮಂದಿ ನಾನೇ ಆಗಿದ್ದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಬಂತು. ಸೀಸದ ಮೊಳೆಗಳನ್ನು ತೂಕಕ್ಕೆ ಹಾಕಿ ಅಚ್ಚುಕೂಟ ಮುಚ್ಚಿದರು. ಖೂಬಾ ಪ್ಲಾಟ್‌ನಲ್ಲಿ ಮಗಳ ಮನೆಯ ವರಾಂಡದಲ್ಲಿ ಒಂದು ಖುರ್ಚಿ, ಮಧ್ಯಾಹ್ನದ ಬಿಸಿಲು, ನಾನು. ಮಾಡಲು ಕೆಲಸವಿಲ್ಲ. ಆಗ ಪೆನ್ಸಿಲ್ ಹಿಡಿದು ಆದಿಕಾಂಡದಿಂದ ಶುರು ಮಾಡಿದೆ. ಒಂದು ವರ್ಷಕ್ಕೂ ಮೇಲಾಯಿತು. ಒಂದೇ ಸಲ ಓದಲು ನನಗೆ ಅಷ್ಟು ಹಿಡಿಯಿತು. ಅವಳು ಒಂಬತ್ತು ತಿಂಗಳಲ್ಲಿ ಮೂರು ಸಲ ಓದಿದ್ದಳು, ಮನೆಮನೆಗೆ ಹೋಗುವ ಕೆಲಸ ಬಿಡದೆ.

ನನ್ನ ಲೆಕ್ಕ ಮುಗಿದ ದಿನ ಟ್ರಂಕಿನಿಂದ ನೋಟ್‌ಬುಕ್ಕನ್ನು ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವಳದಕ್ಕಿಂತ ನನ್ನದರಲ್ಲಿ ಒಂದು ಕಡಿಮೆ ಇತ್ತು. ಸಾಲುಸಾಲಾಗಿ ಹುಡುಕಿದಾಗ ಸಿಕ್ಕಿತು. ಹಗ್ಗಾಯ ಎಂಬ ಎರಡೇ ಅಧ್ಯಾಯದ ಸಣ್ಣ ಪುಸ್ತಕ. ಎರಡು ಹಾಳೆಯನ್ನು ಒಟ್ಟಿಗೆ ತಿರುವಿ ಅದನ್ನು ನಾನು ದಾಟಿಬಿಟ್ಟಿದ್ದೆ. ಅವಳು ದಾಟಿರಲಿಲ್ಲ.

ಆ ಸಂಖ್ಯೆ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಅದನ್ನು ಹಿಡಿದುಕೊಂಡು ಮತ್ತೆ ವೇದಿಕೆಯ ಮೇಲೆ ಹೇಳುತ್ತಾರೆ. ಬೇಕಾದವರು ಕೂತು ಎಣಿಸಲಿ. ಮುನ್ನೂರ ಅರವತ್ತೈದು ಇಲ್ಲ, ಇಷ್ಟು ಸಾಕು. ಎಣಿಸುವಾಗ ಇನ್ನೊಂದನ್ನೂ ಕಂಡೆ. ಹೆಚ್ಚಿನ ಕಡೆ ಆ ಮಾತನ್ನು ಹೇಳಿದ್ದು ಆಗಲೇ ನಡುಗುತ್ತಿದ್ದವರಿಗೆ. ನಾನು ಅದನ್ನು ಹೇಳುತ್ತಿದ್ದುದು ನನಗೆ ಹೆಸರು ಬರಲಿ ಎಂದು.

ಅದೇ ವಾರ ಕಮಲಾಪುರದ ಬಸ್ಸು ಹತ್ತಿದೆ. ಕ್ಷಮೆ ಕೇಳಬೇಕೆಂದೇ ಹೊರಟಿದ್ದೆ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆ. ಅಕ್ಕ ಬಾಗಿಲಲ್ಲಿ ಕೂತು ಕೌದಿಗೆ ಹಳೆಯ ಸೀರೆ ಹರಿಯುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದ ಮನೆಗೆ ಬೀಗ ಬಿದ್ದಿತ್ತು.

“ಅಜ್ಜಿ ಹೋದ ವರ್ಷ ಹೋದ್ರು” ಅಂದಳು. “ಯಾಕ ಬಂದಿ ತಮ್ಮಾ, ಎಲ್ಲಾ ಆರಾಮಿದ್ದೀರಿಲ್ಲ?”

“ಆರಾಮದೀವಿ. ಸುಮ್ಮ ಬಂದೆ.”

ಬಾಳೆಹಣ್ಣು ಕೊಟ್ಟಳು. ಮೊಣಕಾಲು ನೋವಿನ ಸಂಗತಿ ಹೇಳಿದಳು. ನಾನು ಕಲಬುರಗಿಯಲ್ಲಿ ಒಳ್ಳೆಯ ಡಾಕ್ಟರ್ ಇದ್ದಾರೆ ಅಂದೆ. ನೋಟ್‌ಬುಕ್ಕು ನನ್ನ ಚೀಲದಲ್ಲಿತ್ತು. ತೆಗೆಯಲು ಎರಡು ಸಲ ಕೈ ಹಾಕಿದೆ. ಎರಡು ಸಲವೂ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

ಅವಳೇ ಕೇಳಿದಳು: “ಏನಾರ ಓದಾಕತ್ತೀಯೇನು ಈಗ? ಖಾಲಿ ಕೂಡಬ್ಯಾಡ.”

“ಓದ್ತೀನಿ ಅಕ್ಕಾ. ಪೂರಾ ಓದಿ ಮುಗಿಸ್ದೆ.”

ಅವಳು ಸೀರೆ ಹರಿಯುವುದನ್ನು ನಿಲ್ಲಿಸಿದಳು. ನಾನು ಮುಂದೆ ಏನಾದರೂ ಹೇಳುತ್ತೇನೆಂದು ಕಾದಳು. ನನಗೆ ಗೊತ್ತು, ಕಾದಳು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

“ಬಸ್ ಬಂತು” ಅಂದೆ.

“ಹೂಂ. ಹೋಗು. ಇದು ತಪ್ಪಿದ್ರ ಮುಂದಿನದು ಸಂಜಿಗೆ.”

ಮರುವರ್ಷ ಅವಳು ಹೋದಳು. ಮಣ್ಣಿಗೆ ಕಮಲಾಪುರದ ಹೆಂಗಸರು ಬಹಳ ಮಂದಿ ಬಂದಿದ್ದರು. ಹೊಸ ಪಾದ್ರಿ ಸಾಹೇಬರಿಗೆ ಅವಳ ಪರಿಚಯವೇ ಇರಲಿಲ್ಲ. ಗುಡಿ ಕಸ ಗುಡಿಸುತ್ತಿದ್ದ ನಂಬಿಗಸ್ತೆ ಎಂದು ಹೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ, “ನಮ್ಮ ಹಿರಿಯರು ಯಾವಾಗಲೂ ಹೇಳುವ ಹಾಗೆ, ಭಯಪಡಬೇಡ ಎಂಬ ಮಾತು ಬೈಬಲಿನಲ್ಲಿ ಮುನ್ನೂರ ಅರವತ್ತೈದು ಸಲ ಬರುತ್ತದೆ” ಎಂದರು. ಎಲ್ಲರೂ ನನ್ನನ್ನು ನೋಡಿದರು.

ನಾನು ತಲೆ ಆಡಿಸಿದೆ. ಹೌದು ಎಂದು. ಅವಳ ಪೆಟ್ಟಿಗೆ ನನ್ನ ಮುಂದೆಯೇ ಇತ್ತು.

ಆಮೇಲೆ ಹಳೆಯ ಪಾದ್ರಿ ಸಾಹೇಬರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರಿಗೂ ವಯಸ್ಸಾಗಿತ್ತು. “ಆಗಿ ಹೋತು ಬಿಡ್ರಿ” ಅಂದರು. ಕಾರ್ಯದರ್ಶಿ ಸ್ಥಾನ ಬಿಟ್ಟೆ. ಅವತ್ತು ಕಮಿಟಿಯಲ್ಲಿ ಅಕ್ಕನನ್ನು ನೋಡಿ ನಕ್ಕ ಹಿರಿಯರಲ್ಲಿ ಉಳಿದ ಒಬ್ಬರಿಗೆ ಹೇಳಿದೆ, ಅವರಿಗೆ ಆ ದಿನದ ನೆನಪೇ ಇಲ್ಲ. ದೇವರಲ್ಲಿ ಎಷ್ಟು ಸಲ ಕ್ಷಮೆ ಕೇಳಿದ್ದೇನೆಂದು ಎಣಿಸಿಲ್ಲ. ಇವರೆಲ್ಲರಲ್ಲಿ ಕೇಳುವುದು ಕಷ್ಟವಾಗಲಿಲ್ಲ, ಯಾಕೆಂದರೆ ಇವರ್ಯಾರಿಗೂ ನಾನು ತಪ್ಪು ಮಾಡಿರಲಿಲ್ಲ. ಕೇಳಬೇಕಾಗಿದ್ದದ್ದು ಒಬ್ಬರಲ್ಲಿ. ಅವಳು ಎದುರಿಗೇ ಕೂತು ಕಾದಿದ್ದಾಗಲೂ ನಾನು ಕೇಳಲಿಲ್ಲ. ಮೂರು ಸಲ ಓದಿ, ಸರಿಯಾಗಿ ಎಣಿಸಿ, ನನ್ನ ತಪ್ಪಿಗೆ ತಾನು ಎದ್ದು ನಿಂತು ಮಾಫಿ ಕೇಳಿದವಳು, ಕಮಲಾಪುರದ ಬೈಬಲ್ ಬಾಯಿ, ನನ್ನ ಅಕ್ಕ.